ಪತ್ತೆಯಾಗಿಲ್ಲ

ಜನವರಿ ೧೧

ಯಾರದು, ಈ ಪುಸ್ತಕ ಬಿಚ್ಚಿ ನೋಡ್ತಿರೋದು? ಮುದುಕಿಯ ಪುಸ್ತಕದಲ್ಲಿ ಏನು ಸಿಗುತ್ತೆ ಅಂತ ಮೂಗು ತೂರಿಸಿದೆ? ಮಡಚಿಟ್ಟು ಎದ್ದು ಹೋಗು. ಕೈಗೆ ಕೆಲಸ ಇಲ್ಲದಿದ್ದರೆ ಮೆಷಿನ್ ಕೆಳಗೆ ಬಿದ್ದಿರುವ ಬಟ್ಟೆ ಚೂರು ಗುಡಿಸು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಅಕ್ಷರ ನೋಡಿ ನಗು ಬಂದರೆ ನಕ್ಕುಬಿಡು, ಹಲ್ಲಿಗಾದರೂ ಗಾಳಿಯಾಡಲಿ. ಒತ್ತಕ್ಷರ ತಪ್ಪಿದ್ದರೆ ಅದಕ್ಕೆ ನಾನು ಜವಾಬ್ದಾರಳಲ್ಲ. ಮೇಷ್ಟರು ಒತ್ತಕ್ಷರ ಶುರು ಮಾಡುವ ಹೊತ್ತಿಗೆ ನಮ್ಮಪ್ಪ ನನಗೆ ಗಂಡು ನೋಡೋಕೆ ಶುರು ಮಾಡಿದ್ದ.

ನಾನು ಬರೆಯುತ್ತಿರುವುದು ನನಗೇ. ಬಾಯಿಬಿಟ್ಟು ಹೇಳಿಕೊಂಡರೆ ಗೋಡೆಯಾಚೆಯ ಇಸ್ತ್ರಿಯವಳಿಗೆ ಕೇಳುತ್ತೆ. ಅವಳಿಗೆ ಕೇಳಿದರೆ ಬಟ್ಟೆಯ ಜೊತೆ ಸುದ್ದಿಯೂ ಬಿಸಿಬಿಸಿಯಾಗಿ ಮನೆಮನೆಗೆ ಹೋಗುತ್ತೆ.

ವಿಷಯ ಇಷ್ಟು. ನನ್ನ ಮಗನ ಹೆಂಡತಿಗೆ ಎಚ್‌ಐವಿ ಅಂತೆ.

ಎಷ್ಟೋ ದಿನದಿಂದ ಜ್ವರ ಬರೋದು, ಬಿಡೋದು. ಹೊಟ್ಟೆ ಕೆಟ್ಟರೆ ನಿಲ್ಲುತ್ತಿರಲಿಲ್ಲ. ನಾಲಿಗೆ ಮೇಲೆ ಮೊಸರು ಮೆತ್ತಿದ ಹಾಗೆ ಬಿಳಿ. ಮೂಲೆಯ ಡಾಕ್ಟರು ಜ್ವರದ ಮಾತ್ರೆ ಕೊಟ್ಟೇ ಕೊಟ್ಟರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು. ಇವತ್ತು ಅವಳು ಹೇಳಿದ್ದು ಮೆಷಿನ್ ತುಳಿಯುತ್ತಲೇ, ಕಾಲು ನಿಲ್ಲಿಸದೆ.

"ಅತ್ತೆ, ನನಗೆ ಎಚ್‌ಐವಿ ಇದೆಯಂತೆ. ಅವರೂ ಪರೀಕ್ಷೆ ಮಾಡಿಸಬೇಕಂತೆ. ಮಗುಗೂ."

"ನನ್ನ ಮಗನಿಗೆ ಯಾಕೆ? ಕಾಯಿಲೆ ನಿನಗೆ ತಾನೆ?"

ಅವಳು ಇನ್ನೂ ಜೋರಾಗಿ ತುಳಿದಳು. ಹೊಲಿಯುತ್ತಿದ್ದ ಯೂನಿಫಾರಂ ತೋಳು ಉಲ್ಟಾ ಕೂತಿತ್ತು. ನೋಡಿದೆ, ಹೇಳಲಿಲ್ಲ. ಬಿಚ್ಚಲಿ ಅಂತ ಬಿಟ್ಟೆ.

ಜನವರಿ ೧೩

ನಮ್ಮದು ಬೀದಿಗೆ ಬಾಗಿಲಿರುವ ಒಂದು ಕೋಣೆ. ಅದೇ ಟೈಲರ್ ಅಂಗಡಿ. ಹಿಂದಿನ ಕೋಣೆ ಮನೆ. ಕತ್ತರಿ, ಮೆಷಿನ್ನು ಅವಳದು. ಕಾಜಾ, ಗುಂಡಿ, ಅಂಚು ಮಡಚಿ ಹೊಲಿಯೋ ಹೆಮ್ಮಿಂಗು ನನ್ನದು. ಇಬ್ಬರಿಗೂ ಸೂಜಿ ಚುಚ್ಚೋಕೆ ಇಷ್ಟು ವರ್ಷ ಒಂದೇ ದಿಂಬಿತ್ತು, ನಿಂಬೆಹಣ್ಣಿನಷ್ಟು.

ಇವತ್ತು ಹಳೇ ತಲೆದಿಂಬಿನ ಹತ್ತಿ ಕಿತ್ತು ಇನ್ನೊಂದು ಮಾಡಿದೆ. ನನ್ನದು ಕೆಂಪು. ಅವಳದು ಕಪ್ಪು. ಏನೂ ಹೇಳದೆ ಮೇಜಿನ ಮೇಲಿಟ್ಟೆ. ಅವಳೂ ಏನೂ ಕೇಳದೆ ತನ್ನ ಸೂಜಿಗಳನ್ನು ಕಿತ್ತು ಕಪ್ಪು ದಿಂಬಿಗೆ ಚುಚ್ಚಿದಳು. ತಟ್ಟೆ, ಲೋಟ ನಿನ್ನೆಯೇ ಬೇರೆ ಮಾಡಿದ್ದೆ.

ಮೊಮ್ಮಗಳು ಚಿಲ್ಟು ನೋಡಿ, "ಅಜ್ಜಿ, ಸೂಜಿಗೂ ಸೂಜಿಗೂ ಜಗಳನಾ?" ಅಂದಳು. ಬೆನ್ನಿಗೊಂದು ಕೊಟ್ಟೆ. ಮೆಲ್ಲಗೇ.

ಜನವರಿ ೨೦

ಚಿಲ್ಟು ರಕ್ತದ ಪರೀಕ್ಷೆ. ನಾನೇ ಕರೆದುಕೊಂಡು ಹೋದೆ. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು, ಏನೋ ಹೊಸದಾಗಿ ಕೊಂಡವರ ಹಾಗೆ.

ಮಗುವಿಗೆ ಇಲ್ಲ.

ಒಳಗೆ ಒಬ್ಬ ಹುಡುಗಿ ಇದ್ದಾಳೆ. ಸೂಜಿ ಚುಚ್ಚಲ್ಲ, ಮಾತ್ರೆ ಬರೆಯಲ್ಲ, ಬರೀ ಮಾತಾಡ್ತಾಳೆ. ನಾನು ಅವಳಿಗೆ ಮಾತಿನ ಡಾಕ್ಟರು ಅಂತ ಹೆಸರಿಟ್ಟಿದ್ದೇನೆ. ಕೇಳಿಯೇಬಿಟ್ಟೆ, "ಇದು ಸೂಜಿಯಿಂದ ಬರುತ್ತಂತಲ್ಲ. ನಮ್ಮದು ಹೊಲಿಗೆ ಮನೆ. ನಾನೂ ಅವಳೂ ಒಂದೇ ಸೂಜಿ ಹಿಡಿದವರು. ನನ್ನ ಗತಿ ಏನು?"

"ಅದು ಇಂಜೆಕ್ಷನ್ ಸೂಜಿ ಅಜ್ಜಿ. ಒಬ್ಬರಿಗೆ ಚುಚ್ಚಿದ್ದನ್ನ ಇನ್ನೊಬ್ಬರಿಗೆ ಚುಚ್ಚಿದರೆ. ಬಟ್ಟೆ ಹೊಲಿಯೋ ಸೂಜಿಯಿಂದ ಯಾರಿಗೂ ಬಂದಿಲ್ಲ. ತಟ್ಟೆ, ಲೋಟ, ಬಚ್ಚಲು, ಸೊಳ್ಳೆ, ಮುಟ್ಟೋದು, ತಬ್ಬೋದು, ಯಾವುದರಿಂದಲೂ ಬರಲ್ಲ."

"ಮತ್ತೆ ಹೇಗೆ ಬಂತು?"

"ಹೆಚ್ಚಿನವರಿಗೆ ಗಂಡು ಹೆಣ್ಣಿನ ಸಂಬಂಧದಿಂದಲೇ, ಕಾಂಡೋಮ್ ಹಾಕದಿದ್ದರೆ. ರಕ್ತದಿಂದ ಬರಬಹುದು. ತಾಯಿಯಿಂದ ಮಗುಗೆ ಬರಬಹುದು. ಯಾರು ತಂದರು ಅಂತ ಹುಡುಕೋದು ಬಿಡಿ. ನಿಮ್ಮ ಮಗನ್ನ ಕಳಿಸಿ."

ಕಾಂಡೋಮ್ ಅನ್ನೋ ಮಾತನ್ನ ಆ ಹುಡುಗಿ ಉಪ್ಪು ಅಂದ ಹಾಗೆ ಅಂದಳು. ನಾನು ಸೆರಗು ಮುಖಕ್ಕೆ ಹಿಡಿದು ಕಿಟಕಿ ನೋಡಿದೆ. ಹೊರಗೆ ಬರೀ ಗೋಡೆ.

"ನನ್ನ ಮಗ ಕಲ್ಲಿನ ಹಾಗಿದ್ದಾನೆ ಕಣಮ್ಮ. ಮೊಬೈಲ್ ಟವರ್ ಹತ್ತೋನು."

"ಕಲ್ಲಿನ ಹಾಗೇ ಇರ್ತಾರೆ ಅಜ್ಜಿ, ವರ್ಷಗಟ್ಟಲೆ. ನೋಡಿದರೆ ಗೊತ್ತಾಗಲ್ಲ. ಪರೀಕ್ಷೆ ಮಾಡಿದರೇ ಗೊತ್ತಾಗೋದು."

ಸೂಜಿ ದಿಂಬು ಎರಡೇ ಇರಲಿ. ಆ ಹುಡುಗಿಗೆ ಹೊಲಿಗೆ ಗೊತ್ತಿಲ್ಲ.

ಫೆಬ್ರವರಿ ೧೫

ಮಗ ಬಂದಿದ್ದ. ಟವರ್ ಕೆಲಸ ಅಂದರೆ ಊರೂರು ಸುತ್ತೋದು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮುಖ ತೋರಿಸೋದು. ಚೀಲ ಇಳಿಸುವ ಮುಂಚೆಯೇ ಅವಳು ಕೇಳಿದಳು, "ನಾಳೆ ಆಸ್ಪತ್ರೆಗೆ ಹೋಗಿ ಬರೋಣವಾ?"

"ನನಗೇನಾಗಿದೆ? ನೀನು ತಂದುಕೊಂಡಿದ್ದಕ್ಕೆ ನಾನು ಯಾಕೆ ತೋಳು ಕೊಡಲಿ?"

ಅವಳು ಎದ್ದು ಒಲೆ ಮುಂದೆ ಹೋದಳು. ಅವನು ನನ್ನ ಕಡೆ ತಿರುಗಿ, "ಅಮ್ಮ, ನೀನಾದರೂ ಹೇಳು. ನನ್ನ ನೋಡಿದರೆ ಕಾಯಿಲೆಯವನ ಹಾಗೆ ಕಾಣುತ್ತಾ?" ಅಂದ.

ಇಲ್ಲಪ್ಪ ಅಂದೆ. ಹೆತ್ತವಳು ಇನ್ನೇನು ಅಂತಾಳೆ.

ಅವಳು ಅಳತೆ ತೆಗೆಯೋಕೆ ಗಂಡಸರ ಮೈಗೂ ಟೇಪು ಹಿಡೀತಾಳೆ, ನಗುನಗ್ತಾ ಮಾತಾಡ್ತಾಳೆ. ನಾನು ಸುಮ್ಮನೆ ಬರೆದೆ ಅಷ್ಟೆ.

ಅವನ ಎರಡು ಪ್ಯಾಂಟಿನ ಸೊಂಟ ಸಡಿಲವಾಗಿತ್ತು. ಒಳಗೆ ಹಿಡಿದು ಹೊಲಿದುಕೊಟ್ಟೆ. ಹೋಟೆಲ್ ಊಟ ಮೈಗೆ ಹತ್ತುತ್ತಿಲ್ಲ ಪಾಪ.

ಮಾರ್ಚ್ ೨೭

ದಿನಾ ಬೆಳಿಗ್ಗೆ ಚಿಲ್ಟು ಸ್ಕೂಲ್ ವ್ಯಾನಿನ ಹಾರನ್ ಕೇಳಿದ ಕೂಡಲೆ ಅವಳು ಒಂದು ಮಾತ್ರೆ ನುಂಗುತ್ತಾಳೆ. ಆಸ್ಪತ್ರೆಯದು. ಹಾರನ್ನೇ ಅವಳ ಗಡಿಯಾರ. ಜ್ವರ ನಿಂತಿದೆ. ಭೇದಿ ನಿಂತಿದೆ. ರವಿಕೆ ಬಿಗಿಯಾಯಿತು ಅಂತ ತಾನೇ ಬಿಚ್ಚಿ ಹೊಲಿದುಕೊಂಡಳು.

ಕೆಲಸ ಬಹಳ. ಬರೆಯೋಕೆ ಪುರುಸೊತ್ತಿಲ್ಲ.

ಆಗಸ್ಟ್ ೬

ಇವತ್ತು ಅವಳ ರಕ್ತದ ಹೊಸ ರಿಪೋರ್ಟು ಬಂತು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಅಳೆಯೋ ಪರೀಕ್ಷೆಯಂತೆ. ಕೆಳಗಡೆ ಯಾರೋ ಪುಣ್ಯಾತ್ಮರು ಕನ್ನಡದಲ್ಲಿ ಬರೆದಿದ್ದರು. ಕನ್ನಡಕ ಹಾಕಿಕೊಂಡು ನಾನೇ ಓದಿದೆ. ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ.

ವೈರಸ್ ಪತ್ತೆಯಾಗಿಲ್ಲ.

"ನೋಡೇ," ಅಂದೆ. "ಹೋಯ್ತು. ಪತ್ತೆಯೇ ಇಲ್ಲ."

"ಹಾಗಲ್ಲವಂತೆ ಅತ್ತೆ. ಮಾತ್ರೆ ನಿಲ್ಲಿಸಬಾರದಂತೆ. ಜೀವ ಇರೋವರೆಗೂ ತಗೊಬೇಕಂತೆ."

"ಇಲ್ಲದ ಕಾಯಿಲೆಗೆ ಯಾಕೆ ಮಾತ್ರೆ? ಅವರೇ ಬರೆದುಕೊಟ್ಟಿದ್ದಾರೆ, ನನಗೆ ಓದೋಕೆ ಬರಲ್ವಾ?"

ಎಷ್ಟೋ ಕಾಲದ ಮೇಲೆ ಅವಳು ನಕ್ಕಳು. ನಗು ಬಂದಿದ್ದು ನನ್ನ ಮಾತಿಗಾ, ರಿಪೋರ್ಟಿಗಾ, ಗೊತ್ತಿಲ್ಲ.

ಆಗಸ್ಟ್ ೯

ಮಗನಿಗೆ ಫೋನ್ ಮಾಡಿದೆ. ಪತ್ತೆಯಾಗಿಲ್ಲ ಅಂದೆ.

"ನಾನು ಅವತ್ತೇ ಹೇಳಲಿಲ್ವಾ ಅಮ್ಮ? ಅವಳಿಗೇ ಇಲ್ಲ ಅಂದಮೇಲೆ ನನಗೆಲ್ಲಿಂದ ಬರುತ್ತೆ? ಆ ಮಾತ್ರೆ ಡಬ್ಬ ಮನೆಯಿಂದಾಚೆ ಹಾಕು, ಮುಂದಿನ ವಾರವೇ ಬರ್ತೀನಿ. ಅದನ್ನ ನೋಡೋಕಾಗದೇ ನಾನು ಬರದೆ ಇರೋದು."

ಅವಳು ಪಕ್ಕದಲ್ಲೇ ಇದ್ದಳು, ಕೇಳಿಸಿಕೊಂಡಳು. ನಾನು ಡಬ್ಬ ತೆಗೆದು ಚೂರು ಬಟ್ಟೆಯ ಮೂಟೆಯೊಳಗೆ ತುರುಕಿದೆ. ಬೇಡ ಅತ್ತೆ ಅಂದಳು ಒಂದು ಸಲ. ಎರಡನೇ ಸಲ ಅನ್ನಲಿಲ್ಲ. ಅವಳಿಗೂ ಗಂಡ ಬೇಕು ತಾನೆ. ಚಿಲ್ಟು ದಿನಾ ಅಪ್ಪ ಅಪ್ಪ ಅಂತಾಳೆ.

ಆಗಸ್ಟ್ ೧೮

ಮಗ ಬಂದ. ಮನೆ ಮನೆಯ ಹಾಗಿದೆ. ಅವರಿಬ್ಬರೂ ಒಳಕೋಣೆಯಲ್ಲಿ. ನಾನೂ ಚಿಲ್ಟುವೂ ಅಂಗಡಿಯಲ್ಲಿ, ಕತ್ತರಿಸೋ ಮೇಜಿನ ಕೆಳಗೆ ಹಾಸಿಕೊಂಡು. ಸೊಗಸಾಗಿ ನಿದ್ದೆ ಬಂತು.

ಪ್ಯಾಂಟಿನ ಸೊಂಟ ಮತ್ತೆ ಹಿಡಿಯಬೇಕಾಯಿತು. "ಹತ್ತಿ ಹತ್ತಿ ಕರಗ್ತಿದ್ದೀನಿ ಅಮ್ಮ, ಮೇಲೆ ಹೋದಷ್ಟೂ ತೂಕ ಕಮ್ಮಿ," ಅಂತ ನಗಿಸಿದ. ಊಟ ಮಾತ್ರ ಅರ್ಧಕ್ಕೇ ಬಿಟ್ಟ. ಬಾಯಿ ಹುಣ್ಣು, ಖಾರ ತಡೆಯಲ್ಲ ಅಂದ.

ಆಸ್ಪತ್ರೆಯಿಂದ ಫೋನು ಬಂತು, ಮಾತ್ರೆಗೆ ಯಾಕೆ ಬರಲಿಲ್ಲ ಅಂತ. ರಾಂಗ್ ನಂಬರ್ ಅಂದೆ.

ಅಕ್ಟೋಬರ್ ೩೧

ಅವಳಿಗೆ ಜ್ವರ. ಒಣ ಕೆಮ್ಮು. ಹವಾ ಬದಲಾಗಿದ್ದಕ್ಕೆ ಇರಬೇಕು.

ನವೆಂಬರ್ ೪

ಹವಾ ಅಲ್ಲ.

ನವೆಂಬರ್ ೯

ದೊಡ್ಡಾಸ್ಪತ್ರೆ. ಹೆಂಗಸರ ವಾರ್ಡು. ಮೂಗಿಗೆ ಆಮ್ಲಜನಕದ ನಳಿಕೆ. ಶ್ವಾಸಕೋಶಕ್ಕೆ ಸೋಂಕು ಇಳಿದಿದೆ. ಬಾಯಿಂದ ಗಂಟಲವರೆಗೂ ಬಿಳಿ ಹಬ್ಬಿದೆ, ನೀರು ನುಂಗಿದರೂ ಕಣ್ಣಲ್ಲಿ ನೀರು. ಭೇದಿ ನಿಲ್ಲುತ್ತಿಲ್ಲ. ನಾನೇ ಎತ್ತಿ ಕೂರಿಸ್ತೀನಿ, ಒರೆಸ್ತೀನಿ. ಎತ್ತೋಕೆ ನನಗೆ ಶಕ್ತಿ ಎಲ್ಲಿಂದ ಬಂತು ಅಂದುಕೊಂಡೆ. ಶಕ್ತಿ ಬಂದಿದ್ದಲ್ಲ, ಎತ್ತೋಕೆ ಅವಳಲ್ಲಿ ಏನೂ ಉಳಿದಿಲ್ಲ.

ಚಿಲ್ಟುವನ್ನು ಇಸ್ತ್ರಿಯವಳ ಹತ್ತಿರ ಬಿಟ್ಟಿದ್ದೇನೆ. ನ್ಯುಮೋನಿಯಾ ಅಂದೆ. ಅವಳು ನನ್ನ ಮುಖ ನೋಡಿ, "ಏನಾದರೂ ಇರಲಿ ಬಿಡಿ ಅಜ್ಜಿ, ಮಗು ಇಲ್ಲಿರಲಿ," ಅಂದಳು. ಇಷ್ಟು ದಿನ ಅವಳನ್ನ ಬೈದ ಬಾಯಲ್ಲೇ ನಿನಗೆ ಪುಣ್ಯ ಬರಲಿ ಅಂದೆ.

ಮಗನ ಫೋನು ಹತ್ತುತ್ತಿಲ್ಲ.

ನವೆಂಬರ್ ೧೦

ಡಾಕ್ಟರಮ್ಮ ಬಂದು ಕೇಳಿದರು, "ಮಾತ್ರೆ ಯಾರು ನಿಲ್ಲಿಸಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು ನಳಿಕೆ ಸರಿಸಿ, "ನಾನೇ. ಮರೆತುಹೋಯ್ತು," ಅಂದಳು.

ಉಸಿರು ಎಳೆಯೋಕೆ ಆಗದವಳು. ಆ ಉಸಿರನ್ನ ಇದಕ್ಕೆ ಖರ್ಚು ಮಾಡಿದಳು.

ನನಗೆ ತಡೆಯೋಕಾಗಲಿಲ್ಲ. ಡಾಕ್ಟರಮ್ಮನನ್ನ ಬಾಗಿಲವರೆಗೂ ಅಟ್ಟಿಸಿಕೊಂಡು ಹೋದೆ. "ಅವಳು ಸುಳ್ಳು ಹೇಳ್ತಾಳೆ. ನಿಲ್ಲಿಸಿದ್ದು ನಾನು. ಪತ್ತೆಯಾಗಿಲ್ಲ ಅಂತ ಬರೆದಿದ್ದು ನೀವು. ಇಲ್ಲ ಅಂತ ಬರೆದು, ಇದೆ ಅಂತ ಅಂದರೆ ನಮ್ಮಂಥವರು ಏನು ತಿಳ್ಕೊಬೇಕು? ಕಳೆದುಹೋದ ಹಸು ಪತ್ತೆಯಾಗಿಲ್ಲ ಅಂದರೆ ಅದು ಹೋಯ್ತು ಅಂತ ತಾನೆ ಅರ್ಥ?"

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಯ್ತು ಅಂತಲ್ಲ ಅಜ್ಜಿ, ಕೈಗೆ ಸಿಗಲಿಲ್ಲ ಅಂತ. ಮಾತ್ರೆ ಅದನ್ನ ತುಳಿದು ತುಳಿದು ಮೆಷಿನ್ನಿಗೂ ಕಾಣದಷ್ಟು ಮಾಡಿತ್ತು. ಅಷ್ಟು ಕಮ್ಮಿ ಇದ್ದಾಗ ಅವಳಿಗೂ ತೊಂದರೆ ಇಲ್ಲ, ಅವಳಿಂದ ಗಂಡನಿಗೂ ಹರಡಲ್ಲ. ಮಾತ್ರೆ ಬಿಟ್ಟ ಕೆಲವೇ ವಾರಕ್ಕೆ ಅದು ಎದ್ದು ನಿಲ್ಲುತ್ತೆ."

"ಬದುಕ್ತಾಳಾ?"

"ಶ್ವಾಸಕೋಶಕ್ಕೆ ಔಷಧಿ ಹೋಗ್ತಿದೆ. ಎಚ್‌ಐವಿ ಮಾತ್ರೆಯೂ ಮತ್ತೆ ಶುರು ಮಾಡ್ತೀವಿ. ಹಳೆಯದೇ ಕೆಲಸ ಮಾಡುತ್ತೋ, ಬದಲಾಯಿಸಬೇಕೋ, ನೋಡಬೇಕು. ಈಗಲೇ ಏನೂ ಹೇಳೋಕಾಗಲ್ಲ."

ಬಂದು ಅವಳ ಕಾಲ ಹತ್ತಿರ ಕೂತೆ. ನನ್ನ ಬಾಳೆಲ್ಲ ಹೆಮ್ಮಿಂಗು ಮಾಡಿದವಳು ನಾನು. ಹೊರಗೆ ನೋಡಿದವರಿಗೆ ಹೊಲಿಗೆ ಕಾಣಬಾರದು, ಅದೇ ಕೆಲಸದ ಹೆಚ್ಚುಗಾರಿಕೆ. ಕಾಣಲಿಲ್ಲ ಅಂದರೆ ಒಳಗೆ ದಾರ ಇಲ್ಲ ಅಂತ ಯಾವ ಟೈಲರಾದರೂ ಅಂತಾನಾ? ನನಗೆ ಗೊತ್ತಿದ್ದ ಒಂದೇ ವಿದ್ಯೆ. ಅದೂ ಬೇಕಾದ ಹೊತ್ತಿಗೆ ಬರಲಿಲ್ಲ.

ನವೆಂಬರ್ ೧೩

ಮಾತಿನ ಡಾಕ್ಟರು ವಾರ್ಡಿಗೇ ಬಂದಳು. ರಾಂಗ್ ನಂಬರ್ ಅಂದಿದ್ದು ಯಾರು ಅಂತ ಅವಳಿಗೆ ಗೊತ್ತು. ನನ್ನ ದನಿ ಮರೆಯೋರು ಯಾರು? ಆದರೂ ಕೇಳಲಿಲ್ಲ. ಪಕ್ಕದಲ್ಲಿ ಕೂತು, "ಅಜ್ಜಿ, ಇವರ ಗಂಡ?" ಅಂದಳು.

"ಅವನಿಗೆ ಏನಾದರೂ ಇದ್ದರೆ ಹೇಗೆ ಗೊತ್ತಾಗುತ್ತೆ? ಪರೀಕ್ಷೆ ಬಿಟ್ಟು ಹೇಳು."

"ಪರೀಕ್ಷೆ ಬಿಟ್ಟು ಖಂಡಿತ ಗೊತ್ತಾಗಲ್ಲ. ಆದರೆ ತೂಕ ಇಳೀತಿದ್ದರೆ, ಬಾಯಲ್ಲಿ ಹುಣ್ಣು, ಬಿಳಿ, ಜ್ವರ ಬಂದು ಹೋಗೋದು, ರಾತ್ರಿ ಬೆವರು, ಕತ್ತಿನಲ್ಲಿ ಗಂಟು. ಇದ್ದರೆ ತಡ ಮಾಡಬಾರದು."

ಆಮೇಲಿನದ್ದು ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ತೂಕ ಅನ್ನೋದರಲ್ಲೇ ನಿಂತುಬಿಟ್ಟಿದ್ದೆ. ಸೊಂಟದ ಹೊಲಿಗೆ ಎರಡು ಸಲ ಒಳಗೆ ಹಿಡಿದದ್ದು ನನ್ನ ಕೈ. ಊಟ ಅರ್ಧಕ್ಕೆ ಬಿಟ್ಟಿದ್ದನ್ನ ನೋಡಿದ್ದು ನನ್ನ ಕಣ್ಣು. ಹೋಟೆಲ್ ಊಟ ಅಂದಿದ್ದು ನನ್ನ ಬಾಯಿ.

ಇವಳು ಕುಡಿಯಲಾರದೆ ಬಿಟ್ಟ ಚಹಾ ತಣ್ಣಗಾಗುತ್ತಿತ್ತು. ಎತ್ತಿಕೊಂಡು ಕುಡಿದೆ.

ನವೆಂಬರ್ ೧೪

ಫೋನ್. ಇಲ್ಲ.

ನವೆಂಬರ್ ೧೫

ಒಂದು ಸಲ ಎತ್ತಿದ. ಹೆಂಡತಿ ಸಾಯೋ ಹಾಗಿದ್ದಾಳೆ ಬಾ ಅಂದೆ. ಕೆಲಸ ಬಿಡೋಕಾಗಲ್ಲ ಅಂದ. ಪರೀಕ್ಷೆ ಅಂದೆ. ಗಾಳಿ ಜೋರು, ಕೇಳಿಸ್ತಿಲ್ಲ ಅಂದ. ನನಗೆ ಅವನ ಕೆಮ್ಮು ಚೆನ್ನಾಗಿ ಕೇಳಿಸಿತು.

ನವೆಂಬರ್ ೨೧

ರಾತ್ರಿ ಪಾಳಿಯ ನರ್ಸು ಎರಡು ಸಲ ಓಡಿಬಂದಳು. ಉಸಿರು ಸಿಕ್ಕಿಹಾಕಿಕೊಂಡಿತ್ತು. ನಾನು ಅವಳ ಕೈ ಹಿಡಿದು ಬಾಯಿಗೆ ಬಂದ ಹಾಗೆ ಬೈದೆ. ಹೋಗ್ತೀಯಾ, ಹೋಗು ನೋಡೋಣ, ಆ ಚೆಕ್ಸ್ ಬಟ್ಟೆಯೆಲ್ಲ ಕತ್ತರಿಸಿಟ್ಟು ಹೋಗೋದಾ, ಗೆರೆಗೆ ಗೆರೆ ಕೂಡಿಸೋಕೆ ನನಗೆ ಕಣ್ಣು ಕಾಣುತ್ತಾ, ಎದ್ದು ಹೊಲಿದು ಆಮೇಲೆ ಎಲ್ಲಿ ಬೇಕಾದರೂ ಹೋಗು ಅಂದೆ. ಪಕ್ಕದ ಹಾಸಿಗೆಯವರು ಹುಚ್ಚಿ ಅಂದುಕೊಂಡರು.

ಬೆಳಕು ಹರಿದಾಗ ಕಣ್ಣು ಬಿಟ್ಟು, "ಎಷ್ಟು ಬೈತೀರಿ ಅತ್ತೆ," ಅಂದಳು.

ನವೆಂಬರ್ ೨೮

ನಳಿಕೆ ತೆಗೆದರು. ಗಂಜಿ ನಾಲ್ಕು ಚಮಚ ಇಳಿಯಿತು. ಕೂದಲು ಬಾಚಿ ಜಡೆ ಹಾಕಿದೆ. ಅವಳ ಬಾಚಣಿಗೆ ತಂದಿರಲಿಲ್ಲ, ನನ್ನದರಲ್ಲೇ ಬಾಚಿದೆ. ಗಂಡಾಂತರ ಕಳೆಯಿತು ಅಂತ ಡಾಕ್ಟರಮ್ಮ ಇನ್ನೂ ಹೇಳುತ್ತಿಲ್ಲ. ಮಾತ್ರೆ ಬೆಳಿಗ್ಗೆ ನಾನೇ ಬಾಯಿಗೆ ಹಾಕಿ, ನಾಲಿಗೆ ಎತ್ತು ಅಂತ ನೋಡ್ತೀನಿ. ಚಿಲ್ಟುವಿಗೆ ಔಷಧಿ ಕುಡಿಸೋ ಹಾಗೆ.

"ಅವರು ಬಂದಿದ್ರಾ?" ಅಂತ ಕೇಳಿದಳು. ಬರ್ತಾನೆ ಅಂದೆ. ಮುಖ ಆಚೆ ತಿರುಗಿಸಿಕೊಂಡಳು ನನ್ನ ಹುಡುಗಿ.

ಡಿಸೆಂಬರ್ ೬

ಬಟ್ಟೆ ತರೋಕೆ ಮನೆಗೆ ಬಂದಿದ್ದೆ. ಕೊಕ್ಕರೆ ಬಂದ. ಮಗನ ಜೊತೆ ಟವರ್ ಹತ್ತುವವನು, ಉದ್ದ ಕಾಲಿನವನು, ಅದಕ್ಕೇ ಆ ಹೆಸರು. ಕೈಯಲ್ಲೊಂದು ಕವರು.

"ಅಜ್ಜಿ, ನಿಮ್ಮ ಮಗ ಕೊಟ್ಟ. ಪ್ಯಾಂಟು. ಸೊಂಟ ಹಿಡಿದುಕೊಡಬೇಕಂತೆ. ನಾಳೆ ನಾನು ವಾಪಸ್ ಹೋಗ್ತೀನಿ."

"ಅವನು ಹೇಗಿದ್ದಾನೆ?"

"ಚೆನ್ನಾಗಿದ್ದಾನೆ."

"ಕೊಕ್ಕರೆ, ನಿನ್ನ ಮುಖಕ್ಕೆ ಸುಳ್ಳು ಒಪ್ಪಲ್ಲ, ಬೇರೆ ಏನಾದರೂ ಹೇಳು."

ಅವನು ನಿಂತಲ್ಲೇ ಕಾಲು ಬದಲಾಯಿಸಿದ. "ಹೋದ ವಾರ ಅರ್ಧ ಹತ್ತಿದವನು ಅಲ್ಲೇ ಬೆಲ್ಟಿಗೆ ಜೋತುಬಿದ್ದ ಅಜ್ಜಿ. ತಲೆ ಸುತ್ತಿತಂತೆ. ನಾವೇ ಇಳಿಸಿದ್ವಿ. ಈಗ ಮೇಲೆ ಕಳಿಸ್ತಿಲ್ಲ, ಕೆಳಗೆ ಹಗ್ಗ ಹಿಡೀತಾನೆ. ರಾತ್ರಿ ಪೂರ್ತಿ ಬೆವರು. ನಿಮಗೆ ಹೇಳಬೇಡ ಅಂದಿದ್ದ."

ಪ್ಯಾಂಟು ಬಿಡಿಸಿದೆ. ಸೊಂಟದಲ್ಲಿ ಒಳಗೆ ಹಿಡಿಯೋಕೆ ಇನ್ನು ಬಟ್ಟೆಯೇ ಇಲ್ಲ. ಹಿಡಿದರೆ ಜೇಬಿಗೆ ಜೇಬು ತಾಕುತ್ತೆ.

ಡಿಸೆಂಬರ್ ೭

ಮಗನೇ, ಇದು ನಿನಗೆ. ಫೋನಿನಲ್ಲಿ ನಿನಗೆ ಗಾಳಿ ಜೋರು. ಪುಸ್ತಕಕ್ಕೆ ಗಾಳಿಯ ಕಾಟ ಇಲ್ಲ, ಅದಕ್ಕೇ ಇಡೀ ಪುಸ್ತಕವನ್ನೇ ಕಳಿಸ್ತಿದ್ದೀನಿ. ನಿನ್ನ ಮೇಲಿನ ಮಮತೆಗೆ ನಾನು ಏನೇನು ಮಾಡಿದೆ, ಅದರ ಬೆಲೆ ಯಾರು ಕೊಟ್ಟರು, ಮೊದಲಿಂದ ಓದು. ಅರ್ಥ ಆಗದಿದ್ದರೆ ಇನ್ನೊಂದು ಸಲ ಓದು.

ಪ್ಯಾಂಟನ್ನು ಹಾಗೇ ವಾಪಸ್ ಇಟ್ಟಿದ್ದೀನಿ. ಇನ್ನು ನಾನು ಹಿಡಿಯಲ್ಲ. ನೀನು ಅದಕ್ಕೆ ತುಂಬಿಕೊಳ್ಳಬೇಕು.

ಎಲ್ಲವನ್ನೂ ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಲೂ ಹೊಲಿದುಬಿಡ್ತೀನಿ. ಕೊಕ್ಕರೆ ಒಳ್ಳೆಯವನೇ, ಆದರೂ ನಿಮ್ಮಿಬ್ಬರ ವಿಷಯ ನೀವೇ ಹೇಳಬೇಕೇ ಹೊರತು ಬೇರೆ ಯಾರೂ ಹೇಳಬಾರದು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಸೂಜಿ ಕಪ್ಪು ದಿಂಬಿನಿಂದ ತಗೊಂಡೆ, ಹತ್ತಿರದಲ್ಲಿತ್ತು.

ಈಗ ಕೇಳು. ನೀನಿರೋ ಕಡೆಯೂ ಸರ್ಕಾರಿ ಆಸ್ಪತ್ರೆ ಇರುತ್ತೆ. ಪರೀಕ್ಷೆ ಬಿಟ್ಟಿ. ಬೆರಳಿಗೆ ಒಂದು ಚುಚ್ಚು, ಅಷ್ಟು ಮೇಲೆ ಹತ್ತುವವನಿಗೆ ಅದೇನು ದೊಡ್ಡದಲ್ಲ. ಯಾರಿಗೂ ಹೇಳಲ್ಲ ಅವರು. ಇದೆ ಅಂದರೆ ಅವತ್ತೇ ಮಾತ್ರೆ ಕೇಳು, ದಿನಾ ನುಂಗು, ಯಾರು ಏನು ಓದಿ ಹೇಳಿದರೂ ಬಿಡಬೇಡ, ನಾನೇ ಹೇಳಿದರೂ ಬಿಡಬೇಡ. ಇಲ್ಲ ಅಂದರೆ ಮೂರು ತಿಂಗಳು ಬಿಟ್ಟು ಮತ್ತೆ ಹೋಗು, ಮೊದಲ ಸಲ ಕಾಣದೇ ಇರಬಹುದಂತೆ. ಅಲ್ಲಿವರೆಗೂ ಮಾತಿನ ಡಾಕ್ಟರು ಉಪ್ಪು ಅಂದ ಹಾಗೆ ಅಂದಳಲ್ಲ, ಅದಿಲ್ಲದೆ ಯಾರ ಹತ್ತಿರವೂ ಹೋಗಬೇಡ. ನಾನು ಇದನ್ನ ಮಗನಿಗೆ ಬರೆಯೋ ಹಾಗಾಯ್ತು, ನೋಡು.

ಯಾರಿಂದ ಬಂತು ಅಂತ ನಾನು ಕೇಳಲ್ಲ. ನೀನೂ ಅವಳನ್ನ ಕೇಳಬೇಡ. ಕೇಳಿದರೆ ಈ ಮನೆ ಬಾಗಿಲಲ್ಲಿ ನಾನೇ ಅಡ್ಡ ನಿಂತಿರ್ತೀನಿ.

ಅವಳು ನಿನ್ನೆ ಗೋಡೆ ಹಿಡಿದು ಕಿಟಕಿವರೆಗೂ ನಡೆದಳು. ಬೀದಿ ನೋಡಿದಳು. ನಾನು ಯಾರನ್ನ ಹುಡುಕ್ತಿದ್ದೀಯ ಅಂತ ಕೇಳಲಿಲ್ಲ.

ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೀನಿ. ಪರೀಕ್ಷೆಯಲ್ಲಿ ಏನು ಬಂತು ಅಂತ ಅದರಲ್ಲಿ ನಿನ್ನ ಕೈಯಾರೆ ಬರೆದು, ಬಟ್ಟೆ ಸುತ್ತಿ ಹೊಲಿದು, ಕೊಕ್ಕರೆ ಕೈಗೆ ಕೊಡು. ಇದ್ದರೆ ಇದೆ ಅಂತ ಬರಿ, ಇಲ್ಲದಿದ್ದರೆ ಇಲ್ಲ ಅಂತ ಬರಿ. ಹೋಗಲಿಲ್ಲ ಅಂತ ಬರೆಯೋದಾದರೆ ಪೆನ್ನು ಮುಟ್ಟಬೇಡ. ಮುಂದಿನ ತಿಂಗಳು ಹುಟ್ಟೋದರೊಳಗೆ ನನಗೆ ಉತ್ತರ ಬರಬೇಕು.